ತೊಣ್ಣೂರಿನ ಸೋಲಾರ್ ಪ್ಯಾನಲ್ ಮೇಲಿನ ವಿಭೂತಿ ಕುರಿತು

ಸೌರ ಬ್ಯಾಟರಿ ಚಾರ್ಜಿಂಗ್ ಮೇಲ್ವಿಚಾರಣಾ ಉಪಕಚೇರಿ, ಪಾಂಡವಪುರ
ಸಂಖ್ಯೆ: ಸೌ.ಬ್ಯಾ.ಚಾ/ವಿಭೂತಿ/ತುರ್ತು/೩
ದಿನಾಂಕ: ಆಯುಧಪೂಜೆ ಕಳೆದ ಬುಧವಾರ

ವಿಷಯ: ಪ್ಯಾನಲ್‌ಗೆ ಭಕ್ತಿ ಹೆಚ್ಚಾಗಿ ಬ್ಯಾಟರಿಗೆ ಚಾರ್ಜ್ ಕಡಿಮೆಯಾಗಿರುವ ಬಗ್ಗೆ.
ಉಲ್ಲೇಖ: ಹೊಲಿಗೆಯ ಬಿಸ್ಮಿಲ್ಲಾ ಬೀ ಅವರ ಮೌಖಿಕ ದೂರು (ಬೀದಿಯ ಕೊನೆಯವರೆಗೂ ಕೇಳಿಸಿದ್ದು).

ತೊಣ್ಣೂರಿನ ಅಗ್ಗದ ದರದ ಚಾರ್ಜಿಂಗ್ ಕೇಂದ್ರದ ಉಸ್ತುವಾರಿ, ಬಡಗಿ ಕಾಳಪ್ಪನವರು ಆಯುಧಪೂಜೆಯಂದು ಉಳಿ, ಬಾಚಿ, ಗರಗಸಗಳ ಜೊತೆಗೆ ಸೋಲಾರ್ ಪ್ಯಾನಲ್‌ಗೂ ಮೂರು ಪಟ್ಟೆ ವಿಭೂತಿ ಬಳಿದು, ಚಪಾತಿಯಗಲ ಕುಂಕುಮ ಇಟ್ಟಿರುತ್ತಾರೆ. ಅಂದಿನಿಂದ ಯಾರ ಬ್ಯಾಟರಿಯೂ ತುಂಬಿರುವುದಿಲ್ಲ. ಹಗಲೆಲ್ಲ ಊರವರ ಬಟ್ಟೆ ಹೊಲಿದು, ಕತ್ತಲಾದ ಮೇಲೆ ಬ್ಯಾಟರಿ ದೀಪದಲ್ಲಿ ಮಗಳು ಜೀನತ್‌ಳ ಮದುವೆ ಕಮೀಜು ಹೊಲಿಯುತ್ತಿದ್ದ ಬಿಸ್ಮಿಲ್ಲಾ ಬೀ ಅವರಿಗೆ ಒಂದು ತೋಳು ಬಾಕಿ ಉಳಿದಿದ್ದು, ಬರುವ ಶುಕ್ರವಾರವೇ ನಿಕಾಹ್ ಇರುತ್ತದೆ. ಆದ್ದರಿಂದ:

೧. ವಿಭೂತಿಯನ್ನು ಯಾರೂ ಒರೆಸತಕ್ಕದ್ದಲ್ಲ. ಹಾಗೆಯೇ ಬಿಡತಕ್ಕದ್ದೂ ಅಲ್ಲ. ಎರಡರ ನಡುವಿನ ಕ್ರಮ ಕೈಗೊಳ್ಳಲು ಈ ಮೂಲಕ ಸೂಚಿಸಲಾಗಿದೆ.

೨. ಕಾಳಪ್ಪನವರ ಹೇಳಿಕೆ: “ಪೂಜೆ ಮಾಡಿದ್ದನ್ನ ನನ್ ಕೈಯಾರೆ ಒರೆಸ್ಬುಡಾಕಾಯ್ತದಾ? ತಾನಾಗೇ ಉದುರ್ಲಿ ಬುಡವ್ವ.” ಇದಕ್ಕೆ ಬಿಸ್ಮಿಲ್ಲಾ ಬೀ ಅವರ ಆಕ್ಷೇಪಣೆ: “ಯಾ ಅಲ್ಲಾ! ಅದು ಉದುರೋಗಂಟ ನನ್ ಮಗ್ಳು ಒಂದೇ ತೋಳ್ನಾಗೆ ಕುಂತಿರ್ಬೇಕಾ ಕಾಳಣ್ಣ?” ಎರಡೂ ನ್ಯಾಯವೆಂದು ಕಂಡುಬಂದಿದ್ದರಿಂದ ಕಚೇರಿಗೆ ತಲೆನೋವು ಬಂದಿರುತ್ತದೆ.

೩. ಅಲ್ಲಿಯವರೆಗೆ ಬ್ಯಾಟರಿ ತುಂಬಿದೆಯೆಂದು ಭಾವಿಸಿ ಬಳಸತಕ್ಕದ್ದು.

೪. ಚಾರ್ಜರ್ ಪೆಟ್ಟಿಗೆಗೆ ಕಟ್ಟಿರುವ ನಿಂಬೆಹಣ್ಣನ್ನು ಬಿಡಿಭಾಗವೆಂದು ಪರಿಗಣಿಸಲಾಗುವುದಿಲ್ಲ. ಕೆಟ್ಟರೆ ಬದಲಿಸಿಕೊಡುವುದೂ ಇಲ್ಲ.

೫. ಮುಂದಿನ ವರ್ಷದಿಂದ ಪ್ಯಾನಲ್‌ನ ಬೆನ್ನಿಗೆ ಪೂಜೆ ಮಾಡತಕ್ಕದ್ದು. ಬೆನ್ನಿನಿಂದಲೂ ಭಕ್ತಿ ಒಳಗಿಳಿಯುವುದೆಂದು ತಾಂತ್ರಿಕ ಶಾಖೆ ದೃಢೀಕರಿಸಿದೆ.

೬. ಕಾಳಪ್ಪನವರ ಪತ್ನಿ ಮೂಗಮ್ಮನವರು ನಿನ್ನೆ ಬೆಳಿಗ್ಗೆ ತುಂಬಿದ ಬಿಂದಿಗೆಯೊಂದಿಗೆ ಪ್ಯಾನಲ್ ಇರುವ ಚಾವಣಿಗೆ ಏಣಿ ಹತ್ತಿದ್ದು, “ಕೈ ಜಾರ್ಬುಡ್ತು ಕಣಪ್ಪ” ಎಂದಿರುತ್ತಾರೆ. ಎರಡನೇ ಬಿಂದಿಗೆಗೂ ಕೈ ಜಾರಿದ್ದೇಕೆಂದು ವಿವರಣೆ ಕೇಳಲಾಗಿದೆ. ಆ ವೇಳೆ ಏಣಿ ಹಿಡಿದಿದ್ದ ಕಾಳಪ್ಪನವರು ಬೇರೆ ಕಡೆ ನೋಡುತ್ತಿದ್ದುದರಿಂದ ಏನನ್ನೂ ಕಂಡಿರುವುದಿಲ್ಲ. ನೀರು ಸುರಿಯುವುದು ಒರೆಸಿದಂತಲ್ಲ ಎಂದು ಕಚೇರಿ ತೀರ್ಮಾನಿಸಿದೆ.

೭. ಉಪಕಚೇರಿಯಲ್ಲಿ ಕರೆಂಟ್ ಇಲ್ಲದ ಪ್ರಯುಕ್ತ, ಈ ಸುತ್ತೋಲೆಯನ್ನು ಬಿಸ್ಮಿಲ್ಲಾ ಬೀ ಅವರ, ಮತ್ತೆ ಉರಿಯತೊಡಗಿದ ದೀಪದ ಕೆಳಗೆ ಕೂತು ಬರೆಯಲಾಗಿದೆ. ತೋಳು ಮುಗಿಯುವವರೆಗೆ ಕಾಯುವಂತೆ ಅವರು ಸೂಚಿಸಿದ್ದು, ಕಚೇರಿ ಪಾಲಿಸಿದೆ.

(ಸಹಿ)
ಉಪಮೇಲ್ವಿಚಾರಕರು

ಪ್ರತಿಗಳು:
೧. ಕಾಳಪ್ಪ: ಗೋಡೆಗೆ ಅಂಟಿಸಲು. ಪ್ಯಾನಲ್‌ಗಲ್ಲ.
೨. ಮೂಗಮ್ಮ: ಮುಂದೆ ಹೀಗೆ ಕೈ ಜಾರದಂತೆ, ಅಗತ್ಯ ಬಿದ್ದಾಗ ಹೊರತು.
೩. ಜೀನತ್: ಎರಡೂ ತೋಳು ಸರಿಯಾಗಿವೆಯೇ ಎಂದು ಪರಿಶೀಲಿಸಲು ಶುಕ್ರವಾರ ಇಡೀ ಕಚೇರಿ ಊಟದ ಹೊತ್ತಿಗೆ ಹಾಜರಾಗುವುದು.
೪. ಕಚೇರಿ ಪ್ರತಿ: ಕರೆಂಟ್ ಬಂದ ಮೇಲೆ ಓದಿಕೊಳ್ಳಲು.