ಎಲೆ ಮಡಚಿ ಕೆಟ್ಟೆ

ಕೆಲವರಿಗೆ ಹಾವೆಂದರೆ ಭಯ, ಕೆಲವರಿಗೆ ಮೇಲಧಿಕಾರಿ ಎಂದರೆ ಭಯ. ನನಗೆ ಒಬ್ಬಟ್ಟು ಎಂದರೆ ಭಯ. ನಗಬೇಡಿ. ಹಿಂದಿನ ಯುಗಾದಿಗೆ ಒಂಬತ್ತು ಒಬ್ಬಟ್ಟು ತಿಂದು, ಮಾರನೆಯ ದಿನ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದವನು ನಾನು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಒಳಗೆ ಹುಣ್ಣಾಗಿದೆ. ಹಬ್ಬವಾದರೂ ಮಿತವಾಗಿ ತಿನ್ನಿ. ಇನ್ನೊಂದು ಸಲ ಹೀಗಾದರೆ ಹೊಟ್ಟೆ ಕುಯ್ಯಬೇಕಾಗುತ್ತೆ" ಎಂದರು. ಅಂದಿನಿಂದ ಈರುಳ್ಳಿ ಹೆಚ್ಚುವ ಚಾಕು ಕಂಡರೂ ನನ್ನ ಕೈ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಕಾರ್ಖಾನೆಯಲ್ಲಿ ನನ್ನದು ಇನ್‌ಸ್ಪೆಕ್ಷನ್ ಕೆಲಸ. ಬೋಲ್ಟು ಕೂದಲೆಳೆಯಷ್ಟು ಹೆಚ್ಚು ದಪ್ಪವಿದ್ದರೂ ರಿಜೆಕ್ಟ್ ಮಾಡುತ್ತೇನೆ. ಬಾಯಿಯ ಹತ್ತಿರ ಬಂದದ್ದನ್ನು ಮಾತ್ರ ಇದುವರೆಗೆ ರಿಜೆಕ್ಟ್ ಮಾಡಿದ್ದು ನೆನಪಿಲ್ಲ.

ಮತ್ತೆ ಯುಗಾದಿ ಬಂತು. ನಾವು ಬಾಡಿಗೆಗಿದ್ದದ್ದು ಮಾಕಳಿಯಲ್ಲಿ. ಮನೆ ಓನರಮ್ಮ ಗೌರಮ್ಮನವರು ಹಬ್ಬದ ದಿನ ಬಾಡಿಗೆಯವರನ್ನೆಲ್ಲ ತಮ್ಮ ನಡುಮನೆಯಲ್ಲಿ ಕೂರಿಸಿ ಉಣ್ಣಿಸುವವರು. ಹೋಗದಿದ್ದರೆ ವರ್ಷವಿಡೀ ಮುನಿಸು. ಹೋದರೆ ಇನ್ನೂ ಕಷ್ಟ. ಅವರ ಭಾಷೆಯಲ್ಲಿ 'ಬೇಡ' ಎಂದರೆ ಒಂದು ಒಬ್ಬಟ್ಟು, 'ಸಾಕು' ಎಂದರೆ ಎರಡು. ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ.

"ಎರಡು ತಿನ್ನಿ, ತಕ್ಷಣ ಎಲೆ ಮಡಚಿಬಿಡಿ. ಮಡಚಿದ ಎಲೆಗೆ ಯಾರೂ ಬಡಿಸೋಲ್ಲ" ಎಂದು ನನ್ನ ಹೆಂಡತಿ ಉಪಾಯ ಹೇಳಿಕೊಟ್ಟಳು.

ಹೆಂಡತಿಯ ಪಕ್ಕದಲ್ಲೇ ಕೂತು ಎರಡು ತಿಂದೆ. ಗೌರಮ್ಮನವರು ಮೂರನೆಯದನ್ನು ಹಿಡಿದು ನನ್ನತ್ತ ಬರುತ್ತಿದ್ದರು. ಗಡಿಬಿಡಿಯಲ್ಲಿ ಎಲೆಯ ಈಚೆ ಅಂಚನ್ನು ಎತ್ತಿ ಆಚೆಗೆ ಮಡಚಿಬಿಟ್ಟೆ.

ಸಾಲಿನಲ್ಲಿ ಕೂತವರೆಲ್ಲ ತುತ್ತು ಕೈಯಲ್ಲೇ ಹಿಡಿದು ನನ್ನ ಎಲೆ ನೋಡಿದರು.

"ಅಯ್ಯೋ! ಇದೇನ್ ಸಾರ್ ಇಂಗ್ ಮಡಚ್ಬುಟ್ರಿ? ನಮ್ಮನೇಲಿ ಯಾರ್ ಸತ್ತವ್ರೆ?" ಎಂದು ಗೌರಮ್ಮ ಕೂಗಿದರು.

ಆಗ ಹೊಳೆಯಿತು. ಹಬ್ಬದೂಟದಲ್ಲಿ ಎಲೆಯನ್ನು ನಮ್ಮ ಕಡೆಗೆ ಮಡಚಬೇಕು. ಆಚೆಗೆ ಮಡಚುವುದು ತಿಥಿಯೂಟದಲ್ಲಿ. ಎಲ್ಲರ ಕಣ್ಣೂ ಎದುರು ಸಾಲಿನಲ್ಲಿದ್ದ ಗೌರಮ್ಮನವರ ಮುದಿ ಮಾವನ ಕಡೆ ತಿರುಗಿತು. ಅಜ್ಜ ಬಾಯಿಯಲ್ಲಿದ್ದುದನ್ನು ನುಂಗಿ, "ನಾನ್ ಇನ್ನೂ ಇವ್ನಿ ಕಣಪ್ಪ" ಎಂದರು. ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

"ವರ್ಸದ ಮೊದಲ್ನೇ ದಿನಾನೇ ಅಪಸಕುನ! ಏಳ್ಬ್ಯಾಡಿ, ಅಲ್ಲೇ ಕುಂತ್ಕಳಿ. ಒಸಾ ಎಲೆ ಆಕ್ತೀನಿ. ಉಪ್ಪಿನಿಂದ ಸುರು ಮಾಡಿ ಪೂರ್ತಿ ಉಣ್ಣಿ" ಎಂದರು ಗೌರಮ್ಮ. ಅಜ್ಜನ ಆಯುಷ್ಯ ಈಗ ನನ್ನ ಹೊಟ್ಟೆಯ ಮೇಲೆ ನಿಂತಿತ್ತು. ಬೇಡವೆನ್ನುವ ಧೈರ್ಯ ಯಾರಿಗಿದೆ? ಹೊಸ ಎಲೆ, ಉಪ್ಪು, ಕೋಸಂಬರಿ, ಒಬ್ಬಟ್ಟಿನ ಸಾರು, ಮತ್ತೆ ಒಬ್ಬಟ್ಟು.

ಸಂಜೆಗೆ ನೋವು ಬಂತು. ಸತ್ತೇ ಹೋದೆ ಎಂದುಕೊಂಡೆ. ಆಚೆಗೆ ಮಡಚಿದ್ದು ನನ್ನದೇ ತಿಥಿಗಿರಬೇಕು ಎಂದು ಅತ್ತೇಬಿಟ್ಟೆ. ಹೆಂಡತಿ ಆಟೋ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಒತ್ತಿದರು, ತಟ್ಟಿದರು, ಕೊನೆಗೆ, "ಈ ಸಲ ಬಚಾವಾದ್ರಿ, ಬರೀ ಅಜೀರ್ಣ. ಹೇಳಿದ್ದೆನಲ್ಲ, ಯಾಕೆ ತಿಂದ್ರಿ?" ಎಂದರು.

"ಓನರಮ್ಮನ ಬಲವಂತ ಸಾರ್" ಎಂದು ನರಳಿದೆ.

"ಎರಡನೇ ಎಲೇಲಿ ಅವರು ಶಾಸ್ತ್ರಕ್ಕೆ ಬಡಿಸಿದ್ದು ಒಂದೇ ಒಂದು ಡಾಕ್ಟ್ರೇ. ಉಳಿದ ನಾಲ್ಕನ್ನ ಇವರೇ ಕೇಳಿ ಹಾಕಿಸ್ಕೊಂಡ್ರು" ಎಂದಳು ಹೆಂಡತಿ.

ಈಗ ನಾನು ಎಲೆಯನ್ನು ಸರಿಯಾದ ಕಡೆಗೇ ಮಡಚುತ್ತೇನೆ. ಭಯ ಮಾತ್ರ ಹೋಗಿಲ್ಲ. ಗೌರಮ್ಮನವರು ಬಡಿಸುವುದು ಹಬ್ಬಕ್ಕೊಮ್ಮೆ. ನಾನು ವರ್ಷವಿಡೀ ನನ್ನ ಜೊತೆಯಲ್ಲೇ ಇರಬೇಕಲ್ಲ.