ಅವ್ವನ ಸಾ ಮತ್ತು ಮೊಬೈಲಿನ ಕಪ್ಪೆ

ತಮ್ಮಿಂದ ಆಗದ್ದನ್ನು ಮಕ್ಕಳಿಂದ ಮಾಡಿಸುವ ಚಪಲ ಎಲ್ಲ ತಂದೆತಾಯಂದಿರಿಗೂ ಇರುತ್ತದೆ. ಈಜು ಬಾರದವನು ಮಗನನ್ನು ಕೃಷ್ಣೆಗೆ ಇಳಿಸುತ್ತಾನೆ, ಗಣಿತದಲ್ಲಿ ನಪಾಸಾದವಳು ಮಗಳನ್ನು ಗಣಿತದ ಟ್ಯೂಷನ್ನಿಗೆ ಅಟ್ಟುತ್ತಾಳೆ. ನನ್ನಿಂದ ಆಗದ್ದು ಹಾಡು. ಬೇರೆ ಊರಿನವನು ಹೀಗೆ ಹೇಳಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ನಾನೋ ಮಿರಜದವನು. ನಮ್ಮ ಮನೆಯ ಗಲ್ಲಿ ದಾಟಿದರೆ ತಂಬೂರಿ, ಸಿತಾರ ಮಾಡುವವರ ಅಂಗಡಿಗಳು. ಅಲ್ಲಿ ಚಹಾ ಕುಡಿಯಲು ನಿಂತವರೂ ಸ್ವರ ತಪ್ಪದೆ ಶಿಳ್ಳೆ ಹಾಕುತ್ತಾರೆ. ನನಗೆ ಮಾತ್ರ ಶಾಲೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಬರೀ ತುಟಿ ಅಲ್ಲಾಡಿಸಿದರೆ ಸಾಕು ಎಂಬ ವಿಶೇಷ ಪರವಾನಗಿ ಇತ್ತು. ಈಗ ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಕೆಲಸ. ಅಲ್ಲಿ ಹರಾಜಿನ ಸವಾಲು ಕೂಗಲೂ ನನ್ನನ್ನು ಬಿಡುವುದಿಲ್ಲ.

ಆದ್ದರಿಂದ ಮಗಳು ರೇವತಿಯಾದರೂ ಹಾಡಲಿ ಎಂದು ನಿಶ್ಚಯಿಸಿದೆ. ನಮ್ಮ ಕಡೆ ಶಿಕ್ಷಕಿಯನ್ನು ಬಾಯಿ ಎನ್ನುತ್ತಾರೆ; ಸಂಗೀತ ಕಲಿಸುವ ಬಾಯಿಯವರು, ಶಾಲೆಯ ಪರೀಕ್ಷೆ ಮುಗಿಯಲಿ, ಆಮೇಲೆ ಕರೆತನ್ನಿ ಎಂದಿದ್ದರು. ಅಷ್ಟು ದಿನ ಸುಮ್ಮನೆ ಕೂರುವುದೇಕೆ, ಮಕ್ಕಳಿಗೆ ಸ್ವರ ತಾಳ ಕಲಿಸುವ ಆಟಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ ಎಂದು ನನ್ನ ಮೈದುನ ಹೇಳಿದ. ಹುಡುಕಿದರೆ ಸಂತೆಯೇ ನೆರೆದಿತ್ತು. ಒಂದರಲ್ಲಿ ಮೇಲಿನಿಂದ ಬೀಳುವ ತಬಲಾವನ್ನು ತಾಳಕ್ಕೆ ಸರಿಯಾಗಿ ಹಿಡಿಯಬೇಕು, ಇನ್ನೊಂದರಲ್ಲಿ ಸ್ವರ ಕೇಳಿ ಅದರ ಬಣ್ಣ ಗುರುತಿಸಬೇಕು. ರೇವತಿಗೆ ಹಿಡಿಸಿದ್ದು ಕಪ್ಪೆಯ ಆಟ. ಸರಿಯಾಗಿ ಸಾ ಹಾಡಿದರೆ ಕಪ್ಪೆ ತಾವರೆ ಎಲೆಯ ಮೇಲೆ ಜಿಗಿಯುತ್ತದೆ, ತಪ್ಪಿದರೆ ನೀರಿಗೆ ಬಿದ್ದು ಗುಳುಗುಳು ಎನ್ನುತ್ತದೆ. ಆಟ ಶುರುವಾಗುವ ಮೊದಲು ಅದು ಏನೇನೋ ಕೇಳಿತು. ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುವ ಹಾಗೆ ನಾನು ಓದದೆ ‘ಮುಂದೆ’, ‘ಮುಂದೆ’ ಎಂದು ಒತ್ತುತ್ತ ಹೋದೆ.

ನಾಲ್ಕೇ ದಿನಕ್ಕೆ ರೇವತಿಯ ಕಪ್ಪೆ ಕೆರೆ ದಾಟಿತು. ನನ್ನದು ದಡದಿಂದಲೇ ಸೀದಾ ನೀರಿಗೆ. ಅದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ. ಎಡವಟ್ಟಾದದ್ದು ನಮ್ಮ ಅವ್ವನಿಂದ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವ್ವ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಭಜನೆಯ ಪದ ಹಾಡುವವಳು. ಗಂಭೀರವಾದ, ತಗ್ಗಿನ ದನಿ. ನನಗೆ ಸ್ವರ ತಿಳಿಯದಿದ್ದರೂ ಆ ದನಿ ಕೇಳಿದ ಮೇಲೇ ನನಗೆ ಬೆಳಗಾಗುತ್ತಿತ್ತು. ಮೊಮ್ಮಗಳ ಒತ್ತಾಯಕ್ಕೆ ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಮೊಬೈಲಿಗೆ ಸಾ ಎಂದಳು. ಗುಳುಗುಳು. ಮತ್ತೆ ಸಾ. ಮತ್ತೆ ಗುಳುಗುಳು. “ಆಜ್ಜಿ, ತುಝಾ ಸಾ ಚುಕಲಾ,” ನಿನ್ನ ಸಾ ತಪ್ಪು ಎಂದು ರೇವತಿ ತೀರ್ಪು ಕೊಟ್ಟಳು. ಮನೆಯಲ್ಲಿ ಕನ್ನಡ ಮಾತಾಡಿದರೂ ತಪ್ಪು ಎತ್ತಿ ತೋರಿಸಲು ಅವಳಿಗೆ ಮರಾಠಿಯೇ ಬೇಕು.

ಅವ್ವ ನಕ್ಕು ಎದ್ದು ಹೋದಳು. ಆದರೆ ಮರುದಿನ ಅಡುಗೆಮನೆಯಿಂದ ಬರೀ ರೊಟ್ಟಿ ಬಡಿಯುವ ಸದ್ದು ಬಂತು. ಅದರ ಮರುದಿನವೂ ಅಷ್ಟೇ. ನಾನು ಅಡುಗೆಮನೆಗೆ ಹೋದೆ.

“ಯಾಕವ್ವ, ಹಾಡವಲ್ಲಿ?” ಎಂದೆ.

“ಇಷ್ಟು ವರ್ಷ ತಪ್ಪ ಹಾಡೇನಂತ, ತಮ್ಮಾ. ದೇವರು ಮರ್ಯಾದಿಯಂವ, ಬಾಯಿ ಬಿಟ್ಟು ಹೇಳಲಿಲ್ಲ. ಕಪ್ಪಿ ಹೇಳ್ತು,” ಎಂದಳು. ಆ ಕಪ್ಪೆಯನ್ನು ಮನೆಗೆ ತಂದವನು ನಾನೇ ಎಂದು ನೆನೆದು ಬಹಳ ಕೆಡುಕೆನಿಸಿತು.

ಪರೀಕ್ಷೆ ಮುಗಿದ ಮೇಲೆ ರೇವತಿಯನ್ನು ಬಾಯಿಯವರ ಮನೆಗೆ ಕರೆದೊಯ್ದೆ. ಅವರು ಧಾರವಾಡದ ಕಡೆಯವರು. ತಂಬೂರಿ ಮೀಟಿ, ಇದಕ್ಕೆ ಕೂಡಿಸಿ ಸಾ ಹಾಡು ಎಂದರು. ರೇವತಿ ತಂಬೂರಿಯನ್ನು ಒಂದು ಕಡೆ ಬಿಟ್ಟು ಕಪ್ಪೆಯ ಸಾ ಹಾಡಿದಳು. ಬಾಯಿಯವರು ತಿದ್ದಿದರು. ಅವಳು ಬಗ್ಗಲಿಲ್ಲ. “ನಿಮ್ಮ ತಂಬೂರಿನೇ ಚುಕಲಾ,” ಎಂದುಬಿಟ್ಟಳು. ಮಿರಜದಲ್ಲಿ ತಯಾರಾದ ತಂಬೂರಿಗೆ ಮಿರಜದ ಹುಡುಗಿ ಹೀಗೆನ್ನಬಹುದೇ? ನಾನು ಚಾಪೆಯ ಅಂಚು ಕೀಳುತ್ತ ಕುಳಿತೆ. ಕೊನೆಗೆ ಕಪ್ಪೆಯ ವಿಷಯ, ಅವ್ವನ ವಿಷಯ ಎಲ್ಲ ಬಾಯಿಬಿಟ್ಟೆ.

ಬಾಯಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸಾ ಅನ್ನೂದು ಒಬ್ಬೊಬ್ಬರ ಗಂಟಲಿಗೆ ಒಂದೊಂದು ಕಡೆ ಇರ್ತದರಿ. ನಿಮ್ಮ ಚಪ್ಪಲಿ ನನ್ನ ಕಾಲಿಗೆ ಆಗ್ತದೇನು? ಆ ಆಟ ಮೊದಲ ಕೇಳಿರಬೇಕಲ್ಲ, ಹಾಡಾವ್ರು ಯಾರು, ದನಿ ಎಂಥಾದ್ದು ಅಂತ?”

ಕೇಳಿತ್ತು. ನಾನು ‘ಮುಂದೆ’ ಒತ್ತಿದ್ದೆ. ಅದು ಪಾಪ, ಏನನ್ನೂ ಹೇಳದ ಈ ಮನುಷ್ಯನ ಮನೆಯವರಿಗೆಲ್ಲ ಮಗುವಿನ ಗಂಟಲೊಂದೇ ಎಂದು ತಿಳಿದು ತನ್ನ ಪಾಡಿಗೆ ಕೆಲಸ ಮಾಡಿತ್ತು.

ಮನೆಗೆ ಬಂದವನೇ ಆಟದಲ್ಲಿ ಅವ್ವನ ದನಿಗೆ ಹೊಂದುವ ಸಾ ಆರಿಸಿದೆ. ಅವ್ವ ಒಲ್ಲೆನೆಂದಳು. ರೇವತಿ ಅವಳ ಸೆರಗು ಹಿಡಿದು, “ತಪ್ಪು ಪಪ್ಪಾಂದು, ನಿಂದಲ್ಲ ಅಜ್ಜಿ,” ಎಂದಳು, ಈ ಸಲ ಅಚ್ಚ ಕನ್ನಡದಲ್ಲಿ. ಅವ್ವ ಸಾ ಎಂದಳು. ಕಪ್ಪೆ ಎಲೆಯಿಂದ ಎಲೆಗೆ ಜಿಗಿಯುತ್ತ ಕೆರೆ ದಾಟಿತು. ಹುಮ್ಮಸ್ಸಿನಲ್ಲಿ ನಾನೂ ಒಂದು ಕೈ ನೋಡಿದೆ. ಗಂಡಸಿನ ಸಾ, ಹೆಂಗಸಿನ ಸಾ, ಮಗುವಿನ ಸಾ, ಇದ್ದಬದ್ದ ಸಾಗಳನ್ನೆಲ್ಲ ಆರಿಸಿದರೂ ಗುಳುಗುಳುವೇ.

“ಇರ್ಲಿ ಬಿಡು, ತಮ್ಮಾ,” ಎಂದಳು ಅವ್ವ. “ತಂಬೂರಿ ಹೊರಾಕೂ ಒಬ್ಬಂವ ಬೇಕಲ್ಲ.”

ಅದೇ ನಿಜವಾಯಿತು. ಈಗ ಅಜ್ಜಿ ಮೊಮ್ಮಗಳು ಕೂಡಿ ಗುಡಿಯ ಗುರುವಾರದ ಭಜನೆಯಲ್ಲಿ ಹಾಡುತ್ತಾರೆ. ಬಾಯಿಯವರು ಎರವಲು ಕೊಡುವ ತಂಬೂರಿ ನನ್ನ ಹೆಗಲ ಮೇಲೆ. ಮೊನ್ನೆ ಅದನ್ನು ಹೊತ್ತು ಹೊರಟಿದ್ದಾಗ ಗುರುತಿಲ್ಲದ ಹಿರಿಯರೊಬ್ಬರು ರಸ್ತೆ ಬದಿಗೆ ಸರಿದು ಕೈಮುಗಿದು, ಗವಾಯಿಗಳನ್ನು ಕರೆಯುವ ಹಾಗೆ, “ಬುವಾ, ಇವತ್ತು ಗಾಯನ ಎಲ್ಲಿ?” ಎಂದು ಕೇಳಿದರು. ನಾನು ದೊಡ್ಡ ಗಾಯಕರಂತೆ ಕಣ್ಣು ಅರೆಮುಚ್ಚಿ ಕೈಯಿಂದ ಗುಡಿಯ ದಿಕ್ಕು ತೋರಿಸಿ ಮುಂದೆ ನಡೆದೆ. ಬಾಯಿ ಮಾತ್ರ ತೆರೆಯಲಿಲ್ಲ.