ಲಿಬರೇಟರ್ ವಿಮಾನದ ಮೂತಿ

ಚರ್ಚಾಸ್ಪರ್ಧೆಯಲ್ಲಿ ಬಹುಮಾನ ಗೆದ್ದವರನ್ನು ಮನೆಯಲ್ಲಿಟ್ಟುಕೊಳ್ಳುವುದು ಕಷ್ಟವೆಂದು ನಮ್ಮಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ನಾನು ಅಲ್ಲಗಳೆಯಲು ಬಾಯಿ ತೆರೆದ ಕೂಡಲೇ ‘ನೋಡಿದ್ರಾ?’ ಎನ್ನುತ್ತಾಳೆ. ಕಾಲೇಜಿನಲ್ಲಿದ್ದಾಗ ಮರಣದಂಡನೆ ಬೇಕು ಎಂದು ಹಾಸನದಲ್ಲಿ ಗೆದ್ದೆ, ಬೇಡವೆಂದು ಮಡಿಕೇರಿಯಲ್ಲಿ ಗೆದ್ದೆ. ನಡುವೆ ಆ ಅಪರಾಧಿಯ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ. ಓದು ಮುಗಿದ ಮೇಲೆ ಜಗಳಕ್ಕೆ ವಿಷಯ ಸಾಲದೆ ಎರಡನೇ ಮಹಾಯುದ್ಧದ ಬಾಂಬರ್ ವಿಮಾನಗಳನ್ನು ಹಿಡಿದುಕೊಂಡೆ. ಹಳೇ ಫೋಟೊ ನೋಡಿ, ಇದು ಯಾವ ವಿಮಾನದ ಯಾವ ಬಗೆ ಎಂದು ಹೇಳುವ ಗೀಳು ಅದು. ಲಿಬರೇಟರ್ ಎಂಬ ದಡೂತಿ ವಿಮಾನವನ್ನೇ ತೆಗೆದುಕೊಳ್ಳಿ: ಮೂತಿಯಲ್ಲಿ ಬರೀ ಗಾಜಿದ್ದರೆ ಒಂದು ಬಗೆ, ಬಂದೂಕು ಕೂರಿಸಿದ ಗುಮ್ಮಟವಿದ್ದರೆ ಇನ್ನೊಂದು, ಎರಡೂ ಇಲ್ಲದೆ ತಗಡು ಮುಚ್ಚಿದ್ದರೆ ಸಾಮಾನು ಹೊರುವ ಬಗೆ. ಇಂಥದ್ದಕ್ಕೆಂದೇ ಇರುವ ಅಂತರ್ಜಾಲದ ಗುಂಪಿನಲ್ಲಿ ಮೂರು ಖಂಡಗಳ ಮುದುಕರು ನನ್ನೊಡನೆ ಮಾತು ಬಿಟ್ಟಿದ್ದಾರೆ.

ಕೊಡಗಿನಲ್ಲಿ ಯಾವ ಮನೆಗೆ ಹೋದರೂ ಗೋಡೆಯ ಮೇಲೊಬ್ಬ ಸೈನಿಕ ಇದ್ದೇ ಇರುತ್ತಾನೆ ಎನ್ನುತ್ತಾರೆ. ಶನಿವಾರಸಂತೆ ಕಡೆಯ ನಮ್ಮಂಥ ಭತ್ತ-ಶುಂಠಿಯವರ ಗೋಡೆಯ ಮೇಲೆ ಸಾಮಾನ್ಯವಾಗಿ ಶಿವ ಮತ್ತು ಗೊಬ್ಬರದಂಗಡಿಯ ಕ್ಯಾಲೆಂಡರು ಮಾತ್ರ. ಹಾಗಾಗಿ ನಮ್ಮಜ್ಜನ ಫೋಟೊ ಎಂದರೆ ನನ್ನ ದೊಡ್ಡಪ್ಪ ಶಿವಣ್ಣನಿಗೆ ಎಲ್ಲಿಲ್ಲದ ಅಭಿಮಾನ. ಚಡ್ಡಿ ತೊಟ್ಟ ಅಜ್ಜ ಲಿಬರೇಟರಿನ ಮೂತಿಯ ಕೆಳಗೆ, ಸೊಂಟದ ಮೇಲೆ ಕೈಯಿಟ್ಟು, ವಿಮಾನ ತನ್ನದೇ ಎಂಬಂತೆ ನಿಂತಿದ್ದಾರೆ. ಸುತ್ತ ಮೊಟ್ಟೆಯಾಕಾರದ ರಟ್ಟಿನ ಅಂಚು. ‘ಬಾಂಬ್ ಹಾಕೋ ವಿಮಾನಕ್ಕೆ ಬಾಂಬ್ ಏರಿಸ್ತಿದ್ದೋರು ನಮ್ಮಪ್ಪ’ ಎನ್ನುವುದು ದೊಡ್ಡಪ್ಪನ ಮಾತು. ಕಾಗದಪತ್ರಗಳನ್ನೆಲ್ಲ ಗೆದ್ದಲು ತಿಂದಿತ್ತು.

ಹೋದ ವರ್ಷ ಊರಿನಲ್ಲಿ, ಸುತ್ತಲಿನ ಊರುಗಳೂ ಸೇರಿ ಯುದ್ಧಕ್ಕೆ ಹೋದವರ ಹೆಸರು ಕೆತ್ತಿದ ಕಲ್ಲು ನಿಲ್ಲಿಸಲು ಸಮಿತಿಯಾಯಿತು. ಅಧ್ಯಕ್ಷರು ಒಬ್ಬ ನಿವೃತ್ತ ಸುಬೇದಾರರು. ಸಭೆಯಲ್ಲಿ ಅವರು ಫೋಟೊವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಕಾಗದ ಇಲ್ದಿದ್ರೂ ಪರವಾಗಿಲ್ಲ ಶಿವಣ್ಣ. ಸಾಮಾನಿನ ವಿಮಾನಕ್ಕಾದ್ರೆ ಕೂಲಿಯವರೂ ಲೋಡ್ ಮಾಡ್ತಿದ್ರು, ಬಾಂಬಿಗೆ ಸೈನಿಕರೇ ಆಗ್ಬೇಕು. ಇದು ಬಾಂಬರ್ ಅಂತ ಖಾತ್ರಿಯಾದ್ರೆ ಕೆತ್ತಿಸೋಣ. ನಿಮ್ಮ ತಮ್ಮನ ಮಗಳು ಇದ್ರಲ್ಲಿ ಎಕ್ಸ್‌ಪರ್ಟ್ ಅಲ್ವಾ?’ ಎಂದರು. ದೊಡ್ಡಪ್ಪ ಎದೆಯುಬ್ಬಿಸಿ ನನ್ನ ಕಡೆ ತಿರುಗಿ, ‘ಹೇಳವ್ವ’ ಎಂದ.

ಹೇಳಿದೆ. ಫೋಟೊ ಕೈಯಲ್ಲಿ ಹಿಡಿಯುವಷ್ಟು ಪುರುಸೊತ್ತು ನನಗೆಲ್ಲಿ? ಮೊಬೈಲಿನಲ್ಲಿ ಮೊದಲೇ ತೆಗೆದಿಟ್ಟುಕೊಂಡಿದ್ದೆ. ‘ಇದು ಬಾಂಬರ್ ಅಲ್ಲ. ಮೂತಿ ನೋಡಿ, ಗಾಜಿಲ್ಲ, ಗುಮ್ಮಟವಿಲ್ಲ, ನುಣ್ಣನೆಯ ತಗಡು. ಮೂಟೆ ಹೊರುವ ವಿಮಾನ’ ಎಂದು ಶುರುಮಾಡಿ, ಯಾರೂ ಎತ್ತದ ಆಕ್ಷೇಪಗಳನ್ನು ನಾನೇ ಎತ್ತಿ ನಾನೇ ಕೆಡವಿದೆ. ಹಿಂದಿನಿಂದ ಯಾರೋ, ‘ಹಂಗಾದ್ರೆ ಅಜ್ಜ ಮಿಲಿಟ್ರೀಲೂ ಶುಂಠಿ ಲೋಡೇ ಮಾಡಿದ್ದು ಅನ್ನಿ!’ ಎಂದರು. ಸಭೆ ನಕ್ಕಿತು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು. ದೊಡ್ಡಪ್ಪ ಫೋಟೊವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದ. ‘ಬ್ಯಾಡ ಬಿಡಿ ಸುಬೇದಾರ್ರೆ. ಸುಳ್ಳು ಹೇಳಿ ಕಲ್ಲಿನ್ ಮೇಲೆ ನಮ್ಮಪ್ಪನ ಹೆಸ್ರು ಬರ್ಸೋದು ಬ್ಯಾಡ.’ ದಾರಿಯಲ್ಲಿ ನನಗೆ ಹೇಳಿದ್ದು ಒಂದೇ ಮಾತು: ‘ಚೆನ್ನಾಗಿ ಮಾತಾಡ್ದೆ ಕಣವ್ವ.’ ಅದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಸ್ವಲ್ಪ ದಿನಕ್ಕೆ ದೊಡ್ಡಮ್ಮ, ಚೌಕಟ್ಟಿನ ಗಾಜು ಸೀಳಿದೆ, ಕುಶಾಲನಗರಕ್ಕೆ ಹೋದಾಗ ಹಾಕಿಸಿಕೊಂಡು ಬಾ ಎಂದು ಫೋಟೊ ಕೊಟ್ಟರು. ಅಂಗಡಿಯವನು ರಟ್ಟಿನ ಅಂಚು ಬಿಚ್ಚಿದ. ಅಂಚಿನ ಅಡಿಯಲ್ಲಿ ಹಗ್ಗವಿತ್ತು. ವಿಮಾನದ ಮೂತಿಯಿಂದ ಇಳಿದು, ಅದರ ಗದ್ದದ ಕೆಳಗೆ ಗಂಟು ಹಾಕಿದ ಹಗ್ಗ. ನಾನು ತಗಡೆಂದು ಸಾಧಿಸಿದ್ದು ಟಾರ್ಪಾಲು! ಮಳೆಗಾಲದಲ್ಲಿ ಶುಂಠಿ ಲಾರಿಗೆ ಬಿಗಿಯುತ್ತೇವಲ್ಲ, ಹಾಗೆ ಬಂದೂಕಿನ ಗುಮ್ಮಟಕ್ಕೆ ಬಿಗಿದಿದ್ದರು. ಬಲಮೂಲೆಯಲ್ಲಿ ವಿಮಾನದ ಹೊಟ್ಟೆ, ಅಂಗಡಿ ಶಟರಿನಂತೆ ಮೇಲಕ್ಕೆ ಸುತ್ತಿಕೊಂಡ ಬಾಂಬಿನ ಬಾಗಿಲು. ಮೂಟೆ ಹೊರುವ ವಿಮಾನಕ್ಕೆ ಆ ಬಾಗಿಲೇ ಇರುವುದಿಲ್ಲ.

ಬಸ್ಸಿಳಿದವಳೇ ಗದ್ದೆಗೆ ಓಡಿದೆ. ದೊಡ್ಡಪ್ಪ ಪೈಪು ಜೋಡಿಸುತ್ತಿದ್ದ.

‘ದೊಡ್ಡಪ್ಪ, ಅದು ಬಾಂಬರೇ! ತಗಡಲ್ಲ, ಟಾರ್ಪಾಲು!’

‘ಅವತ್ತು ನೀ ಅಲ್ಲ ಅಂದೆ, ನಾ ಒಪ್ಕಂಡೆ. ಇವತ್ತು ಹೌದು ಅಂತೀಯ.’

‘ಪುರಾವೆ ಇದೆ, ನೋಡು ಇಲ್ಲಿ.’

‘ಅವತ್ತೂ ಇತ್ತಲ್ಲವ್ವ.’ ಅವನು ಫೋಟೊ ನೋಡಲಿಲ್ಲ, ನನ್ನನ್ನು ನೋಡಿದ. ‘ನೀ ಯಾವ ಕಡೆ ನಿಂತ್ರೂ ಗೆಲ್ತೀಯ. ನನ್ನ ನೋಡಿ ಪಾಪ ಅನ್ನಿಸ್ತು, ಈ ಕಡೆಗೆ ಬಂದಿದೀಯ. ಹೋಗು, ಕಾಫಿ ಕುಡಿ.’

ಸುಬೇದಾರರ ಮನೆಗೂ ಹೋದೆ. ಅವರು ಫೋಟೊವನ್ನು ನೋಡಿದರು, ಹಗ್ಗವನ್ನೂ ನೋಡಿದರು. ‘ಮನೆಯವರ ಮೇಲೆ ಪ್ರೀತಿ ಇರ್ಬೇಕಮ್ಮ, ತಪ್ಪಲ್ಲ. ಆದ್ರೆ ಬೇಡ ಅಂದವರು ನಿನ್ನ ದೊಡ್ಡಪ್ಪನೇ. ಅವರೇ ಬಂದು ಹೇಳ್ಲಿ’ ಎಂದರು. ಗೇಟಿನ ತನಕ ಬಂದು, ‘ಅಂದಹಾಗೆ ಅವತ್ತು ಎಷ್ಟು ಚೆನ್ನಾಗಿ ಮಾತಾಡಿದ್ದಿ! ಕಲ್ಲಿನ ಕಾರ್ಯಕ್ರಮಕ್ಕೆ ನಿರೂಪಣೆ ನಿಂದೇ’ ಎಂದರು.

ದೊಡ್ಡಪ್ಪ ಹೋಗಿ ಹೇಳಲಿಲ್ಲ. ಕಾರ್ಯಕ್ರಮದ ದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎರಡನೇ ಸಾಲಿನಲ್ಲಿ ಬಂದು ಕೂತ. ನಾನು ಒಂದೊಂದೇ ಹೆಸರು ಓದಿದೆ. ಪ್ರತಿ ಹೆಸರಿಗೂ ಆ ಮನೆಯವರೊಬ್ಬರು ಎದ್ದು ಹೋಗಿ ಹೂವಿಟ್ಟು ಬರುತ್ತಿದ್ದರು. ನಮ್ಮೂರಿನವರ ಹೆಸರು ಮುಗಿದ ಜಾಗದಲ್ಲಿ ನಿಲ್ಲಿಸಿದೆ. ಮೈಕು ಕೈಕೊಟ್ಟಿತೆಂದು ಮೈಕಿನವನು ವೈರು ಅಲುಗಾಡಿಸಿದ. ಬಾಯಿ ತೆರೆದೆ. ದೊಡ್ಡಪ್ಪ ಕೂತಲ್ಲಿಂದಲೇ, ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ, ಬೇಡವೆಂದು ತಲೆಯಾಡಿಸಿದ.

ಟಾರ್ಪಾಲು, ಹಗ್ಗ, ಶಟರು, ಎಲ್ಲವೂ ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಮುಂದಿನ ಊರಿನವರ ಹೆಸರು ಓದಿದೆ. ಉಚ್ಚಾರಣೆ ಬಹಳ ಸ್ಪಷ್ಟವಾಗಿತ್ತೆಂದು ಆಮೇಲೆ ಎಲ್ಲರೂ ಮೆಚ್ಚಿಕೊಂಡರು.